ಒಂದು ಗಂಟೆಯ ನ್ಯಾಯ

2021ನೆಯ ಇಸವಿಯ ಸೆಪ್ಟೆಂಬರ್ 12ರಂದು ನಡೆದ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿಯಿಂದ ಉತ್ತರಪತ್ರಿಕೆಯನ್ನು ಬಲವಂತವಾಗಿ ಕಿತ್ತುಕೊಂಡರು. ಬುದ್ಧಿಯು ಚುರುಕಾಗಿದ್ದರೂ ಬರೆವಣಿಗೆಯು ಕೈಗೆ ಒಗ್ಗದ ಡಿಸ್ಗ್ರಾಫಿಯ ಎಂಬ ತೊಡಕು ಆಕೆಗಿದ್ದಿತು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆಯ ಅವಧಿಯು ನ್ಯಾಯವಾಗಿ ಸಲ್ಲತಕ್ಕದ್ದಾಗಿದ್ದರೂ ಅದನ್ನು ಕೊಡಲಿಲ್ಲ. ಆಕೆ ಮನೆಯಲ್ಲಿ ಕುಳಿತು ಅಳಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದಳು. ಅದೇ ನವೆಂಬರ್ 23ರಂದು ನ್ಯಾಯಮೂರ್ತಿ ಚಂದ್ರಚೂಡರೂ ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಬೋಪಣ್ಣನವರೂ, ಆಕೆಗೆ ಅನ್ಯಾಯವಾಗಿರುವುದು ನಿಜವೆಂದೂ, ಅದನ್ನು ಸರಿಪಡಿಸುವ ಬಗೆಯನ್ನು ಪರೀಕ್ಷಾ ಸಂಸ್ಥೆಯವರು ಒಂದು ವಾರದೊಳಗೆ ಯೋಚಿಸಬೇಕೆಂದೂ ತೀರ್ಪಿತ್ತರು. ಮರುಪರೀಕ್ಷೆಯನ್ನು ಮಾತ್ರ ಅನುಗ್ರಹಿಸಲಿಲ್ಲ.

ಇದು ಎಲ್ಲಿಯದೋ ಸುದ್ದಿಯೆಂದು ರಾಜಾಜಿನಗರದ, ವಿಜಯನಗರದ, ಬಸವೇಶ್ವರನಗರದ ಮಹಾಜನರು ಭಾವಿಸಕೂಡದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ನಮ್ಮ ಮಕ್ಕಳಲ್ಲಿಯೂ ಇಂತಹವರಿದ್ದಾರೆ. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಮ್ಮೂ ಕಲಿಕೆಯ ತೊಡಕೂ ಸೇರಿವೆ. ಹೆಚ್ಚಿನ ಅವಧಿ, ಹೇಳಿದ್ದನ್ನು ಬರೆಯುವ ಲಿಪಿಕಾರ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲವನ್ನೂ ಅದರ 17ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕಲಿಕೆಯ ತೊಡಕನ್ನು ಗುರುತಿಸಲು 2018ರಲ್ಲಿ ಕೇಂದ್ರ ಸರಕಾರದವರು ಗೊತ್ತುಮಾಡಿದ ಪರೀಕ್ಷೆಯಾದರೋ ನಮ್ಮ ನಿಮ್ಹಾನ್ಸಿನದೇ. ದೇಶಕ್ಕೆಲ್ಲ ಅಳತೆಗೋಲನ್ನು ಕೊಟ್ಟ ಊರಿನಲ್ಲಿ ಆ ಅಳತೆಗೋಲಿನ ಹೆಸರನ್ನೇ ಕೇಳದ ಉಪಾಧ್ಯಾಯರಿದ್ದರೆ ಅದು ನಾಚಿಕೆಗೇಡು.

ನಾವು ಓದಿದ ಪಾಠಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ಮಗ್ಗಿಯನ್ನೂ ಅಮರವನ್ನೂ ಒಮ್ಮೆ ಕೇಳಿದರೆ ಒಪ್ಪಿಸುತ್ತಿದ್ದನು. ಸ್ಲೇಟು ಹಿಡಿದೊಡನೆ ಕಣ್ಣೀರು. ಅವನಿಗೆ ಸಿಕ್ಕಿದ ಔಷಧವೆಂದರೆ ಬೆತ್ತ, ಬಿರುದೆಂದರೆ ದಡ್ಡ. ನಾಲ್ಕನೆಯ ತರಗತಿಗೆ ಬರುವ ಮೊದಲೇ ಅವನು ಶಾಲೆಯನ್ನು ಬಿಟ್ಟನು.

ಕನ್ನಡದ ಅಕ್ಷರಮಾಲೆ ಸುಲಭವೆಂದು ನಾವು ಹೆಮ್ಮೆಪಡುವುದುಂಟು. ಆದರೆ ಕಾಗುಣಿತವೂ ಒತ್ತಕ್ಷರವೂ ಕೂಡಿದರೆ ಮಗುವು ನೂರಾರು ರೂಪಗಳನ್ನು ಕಣ್ಣಿನಲ್ಲಿ ಹಿಡಿಯಬೇಕಾಗುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ಈ ಅಕ್ಷರಜ್ಞಾನವು ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತಲೇ ಇರುವುದೆಂದು ತೋರಿಸಿತು. ಸಾಮಾನ್ಯ ಮಕ್ಕಳಿಗೇ ಇಷ್ಟು ಕಾಲ ಬೇಕಾದರೆ ತೊಡಕುಳ್ಳ ಮಗುವನ್ನು ಆರು ತಿಂಗಳಲ್ಲಿ ಅಳೆದು ಮೂಲೆಗೆ ಕೂರಿಸುವುದು ಯಾವ ಶಾಸ್ತ್ರ?

ವಿದ್ಯಾರ್ಥಿಗಳಿಂದ ಆಗಬಹುದಾದ ಕಾರ್ಯವೊಂದುಂಟು. ಲಿಪಿಕಾರನು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕು. ಎಂದರೆ, ಹತ್ತನೆಯ ತರಗತಿಯ ಮಗುವಿಗೆ ಕೈಯಾಗಬಲ್ಲವನು ಒಂಬತ್ತನೆಯ ತರಗತಿಯ ಹುಡುಗನೇ ಹೊರತು ಪದವೀಧರನಲ್ಲ. ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುವುದು ಸಣ್ಣ ವಿದ್ಯೆಯಲ್ಲ. ಅದಕ್ಕೆ ತಾಳ್ಮೆ ಬೇಕು, ತನಗೆ ಉತ್ತರ ತಿಳಿದಿದ್ದರೂ ಬಾಯಿ ಮುಚ್ಚಿರುವ ಸಂಯಮ ಬೇಕು. ಪರೀಕ್ಷೆಯ ಹಿಂದಿನ ದಿನ ತಾಯಿತಂದೆಗಳು ಲಿಪಿಕಾರನನ್ನು ಹುಡುಕುತ್ತ ಮನೆಮನೆ ಅಲೆಯುವಂತಾಗಬಾರದು. ಕೆಂಗೇರಿಯಿಂದ ರಾಜಾಜಿನಗರದವರೆಗಿನ ಪ್ರತಿಯೊಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಜೂನ್ ತಿಂಗಳಲ್ಲಿಯೇ ಇಷ್ಟವುಳ್ಳ ಮಕ್ಕಳ ಪಟ್ಟಿಯನ್ನು ಮಾಡಿ, ಇಬ್ಬರನ್ನೂ ಜೊತೆಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುವುದು ಅಸಾಧ್ಯವೇನೂ ಅಲ್ಲ.

ಆದರೆ ಹುಡುಗರ ಉಪಕಾರಬುದ್ಧಿಯ ಮರೆಯಲ್ಲಿ ಸರಕಾರದವರು ಅವಿತುಕೊಳ್ಳುವುದನ್ನು ನಾವು ಒಪ್ಪೆವು. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೊಬ್ಬ, ಹಿರಿಯ ಹಂತದಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕನಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 28ರಂದೇ ಹೇಳಿತು. ಆ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿರೆಂದು 2025ರ ಮಾರ್ಚಿಯಲ್ಲಿ ಪುನಃ ರಾಜ್ಯಗಳಿಗೆ ಆಜ್ಞೆಮಾಡಬೇಕಾಗಿ ಬಂದಿತು. ನಾಲ್ಕು ಶೈಕ್ಷಣಿಕ ವರ್ಷಗಳೆಂದರೆ ಒಂದು ಮಗುವಿನ ಪ್ರಾಥಮಿಕ ವಿದ್ಯಾಭ್ಯಾಸದ ಬಹುಪಾಲೇ ಕಳೆದುಹೋದಂತೆ. ಬೆಂಗಳೂರು ಉತ್ತರ ಮತ್ತು ದಕ್ಷಿಣ ಶೈಕ್ಷಣಿಕ ಜಿಲ್ಲೆಗಳಲ್ಲಿ ಇಂತಹ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಖಾಲಿ ಬಿದ್ದಿರುವ ಸ್ಥಾನಗಳೆಷ್ಟು ಎಂಬುದನ್ನು ವಿದ್ಯಾ ಇಲಾಖೆಯವರು ಶಾಲೆಶಾಲೆಯ ಪ್ರಕಾರ ಮುಂದಿನ ಪ್ರವೇಶಕಾಲಕ್ಕೆ ಮೊದಲೇ ಪ್ರಕಟಿಸಲಿ. ಆ ಪಟ್ಟಿಗೆ ಬೇಕಾದಷ್ಟು ಸ್ಥಳವನ್ನು ಇದೇ ಪುಟದಲ್ಲಿ ಕೊಡಲು ನಾವು ಸಿದ್ಧರಿದ್ದೇವೆ.