ಅರಣ್ಯರೋದನವಾಗದ ಮಾತು

ತುಂಟತನ ಮಾಡುವ ಮಗುವನ್ನು "ಸಿಂಗಳೀಕ" ಎಂದು ಗದರಿಸುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಹಾಗೆ ಗದರಿಸುವವರಲ್ಲಿ ಸಿಂಗಳೀಕವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಕಂಡಿದ್ದರೂ ಅದು ಮೈಸೂರಿನ ಮೃಗಾಲಯದಲ್ಲಿಯೇ ಇರಬೇಕು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂತಹ ಕುಚ್ಚು. ಸಹ್ಯಾದ್ರಿಯ ನಿತ್ಯಹಸುರಿನ ಕಾಡೇ ಇದರ ತವರು. ಲೋಕದಲ್ಲಿ ಮತ್ತೆಲ್ಲಿಯೂ ಇದಕ್ಕೆ ಸಹಜವಾದ ನೆಲೆಯಿಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರನ್ನೂ ಕೂಡಿಸಿದರೂ ಇದರ ಸಂಖ್ಯೆ ನಾಲ್ಕು ಸಾವಿರವನ್ನು ಮುಟ್ಟಲಾರದೆಂದು ತಜ್ಞರ ಅಂದಾಜು.

ಊರಿನ ಕೋತಿಯಂತೆ ಇದು ಎಲ್ಲಿ ಬೇಕಾದರೂ ಬಾಳಿಕೊಳ್ಳುವ ಪ್ರಾಣಿಯಲ್ಲ. ಮರದಿಂದ ಮರಕ್ಕೆ ಹಾಯುತ್ತ ಹಣ್ಣು, ಹೂ, ಹುಳುಗಳನ್ನು ತಿಂದು ಕಾಲ ಕಳೆಯುತ್ತದೆ, ನೆಲಕ್ಕಿಳಿಯುವುದು ಅಪರೂಪ. ಕಾಡಿನ ನಡುವೆ ರಸ್ತೆಯೋ ತೋಟವೋ ಬಂದು ಮರಗಳ ಸಾಲು ಕಡಿದುಹೋದರೆ ಗುಂಪು ಅಲ್ಲಿಯೇ ಸೆರೆಯಾಗುತ್ತದೆ. ಹೆಣ್ಣು ಮೊದಲ ಮರಿ ಹಾಕುವ ವೇಳೆಗೆ ಅದಕ್ಕೆ ಆರೇಳು ವರ್ಷ. ಅನಂತರ ಒಂದು ಮರಿಗೂ ಇನ್ನೊಂದಕ್ಕೂ ಎರಡೂವರೆ ಮೂರು ವರ್ಷಗಳ ಅಂತರ. ಹೀಗಿರುವಾಗ ಬೇಟೆಗಾರನ ಒಂದು ಗುಂಡು ಮಾಡಿದ ನಷ್ಟ ತುಂಬಿಬರಲು ಎಷ್ಟು ಕಾಲ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇಂತಹ ಮೂಕಪ್ರಾಣಿಯ ಪರವಾಗಿ ವಾದಿಸುವುದು ಹೇಗೆ? "ಅಯ್ಯೋ ಪಾಪ" ಎಂದರೆ ಅದು ಅರಣ್ಯರೋದನವಾದೀತು. ವಾದಕ್ಕೆ ತೂಕ ಬರುವುದು ಲೆಕ್ಕದಿಂದ.

ಕೇರಳದ ಸೈಲೆಂಟ್ ವ್ಯಾಲಿಯ ಕಥೆಯನ್ನೇ ನೋಡಿ. ಅಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆಗೆ ೧೯೭೩ರಲ್ಲಿ ಒಪ್ಪಿಗೆ ದೊರಕಿತ್ತು. ಸಿಂಗಳೀಕಗಳ ಕಾಡು ನೀರುಪಾಲಾಗಲಿತ್ತು. ಕೋತಿ ಹೆಚ್ಚೋ ಮನುಷ್ಯ ಹೆಚ್ಚೋ ಎಂಬ ಕುಹಕವೂ ಆಗ ಕೇಳಿಬಂತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಆ ಕುಹಕಕ್ಕೆ ಕೋಪದಿಂದ ಉತ್ತರ ಕೊಡಲಿಲ್ಲ. ಜನರಿಗೆ ವಿದ್ಯುತ್ತು ಬೇಕೆಂಬುದನ್ನು ಒಪ್ಪಿಕೊಂಡು, ಅದನ್ನು ಬೇರೆ ಬಗೆಯಲ್ಲಿ ಒದಗಿಸಬಹುದೆಂದು ಲೆಕ್ಕಸಮೇತ ತೋರಿಸಿದರು. ಸಾಲಿಂ ಅಲಿಯವರಂತಹ ಹಿರಿಯ ವಿಜ್ಞಾನಿಗಳೂ, ಸುಗತಕುಮಾರಿಯವರಂತಹ ಕವಿಗಳೂ ದನಿಗೂಡಿಸಿದರು. ೧೯೮೩ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಮರುವರ್ಷ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ನಾಡಿನಲ್ಲಿ ಇದಕ್ಕೆ ಸಮನಾದ ಕೆಲಸ ಸದ್ದಿಲ್ಲದೆ ನಡೆದಿದೆ. ೧೯೮೦ರ ದಶಕದಲ್ಲಿ ಉಲ್ಲಾಸ ಕಾರಂತರು ಕರ್ನಾಟಕದ ಕಾಡುಗಳಲ್ಲಿ ಸಿಂಗಳೀಕದ ನೆಲೆಗಳನ್ನು ಸಮೀಕ್ಷಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಅವರು ಸಿರಸಿ-ಹೊನ್ನಾವರದ ಕಾಡುಗಳಲ್ಲಿ ಜಿಗಣೆ, ಮಳೆಗಳ ನಡುವೆ ನಡೆದಾಡಿ ೩೨ ಗುಂಪುಗಳನ್ನು, ಆರು ನೂರಕ್ಕೂ ಮಿಕ್ಕ ಸಿಂಗಳೀಕಗಳನ್ನು ಲೆಕ್ಕಕ್ಕೆ ತಂದರು. ಬೇಟೆಯಿಂದಾಗಿ ಬೇರೆ ಕೆಲವು ಕಾಡುಗಳಲ್ಲಿ ಮರಗಳು ನಿಂತಿದ್ದರೂ ಸಿಂಗಳೀಕಗಳು ಮಾಯವಾಗಿದ್ದವು. ಆದುದರಿಂದಲೇ ಈ ಲೆಕ್ಕದ ಬೆಲೆ ಹೆಚ್ಚು. ೨೦೧೧ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶ ರೂಪುಗೊಂಡಿತು. ೨೦೧೯ರಲ್ಲಿ ಅದನ್ನೂ ಒಳಗೊಂಡು ಸುಮಾರು ೯೩೦ ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಏರ್ಪಟ್ಟಿತು.

ಆದರೆ ಗಡಿಕಲ್ಲು ನೆಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಕಾಡಿನಲ್ಲಿ ಉಪ್ಪಾಗೆ ಎಂಬ ಮರವುಂಟು. ಅದರ ಹಣ್ಣು ಸಿಂಗಳೀಕದ ಆಹಾರ. ಅದರ ಸಿಪ್ಪೆ ಬಡ ಸಂಸಾರಗಳಿಗೆ ಮಳೆಗಾಲದ ಸಂಪಾದನೆ. ಮೈ ಇಳಿಸುವ ಔಷಧಿಗಾಗಿ ಹೊರದೇಶಗಳಿಂದ ಬೇಡಿಕೆ ಬಂದ ಮೇಲೆ ಸಿಪ್ಪೆಗೆ ಬೆಲೆ ಏರಿತು. ಮಾಗುವ ಮುನ್ನವೇ ಕಾಯಿ ಕೀಳುವ ಆತುರವೂ ಹೆಚ್ಚಿತು. ಎಲ್ಲಿಯದೋ ಬೊಜ್ಜಿಗೆ ಇಲ್ಲಿಯ ಸಿಂಗಳೀಕ ಹಸಿಯಬೇಕೇ? ಹಾಗೆಂದು ಕೊಯ್ಲನ್ನೇ ನಿಷೇಧಿಸಿದರೆ ಹಸಿಯುವವರು ಊರಿನ ಬಡವರು. ಮಾಗಿದ ಮೇಲೆ ಕೊಯ್ಯುವುದು, ಕೊಂಬೆ ಕಡಿಯದಿರುವುದು, ಪ್ರಾಣಿಗಳಿಗೆಂದು ಒಂದು ಪಾಲನ್ನು ಮರದಲ್ಲಿಯೇ ಉಳಿಸುವುದು: ಇವೇ ಇಬ್ಬರಿಗೂ ನ್ಯಾಯ ದೊರಕಿಸುವ ದಾರಿ. ಕಾಡಂಚಿನವರನ್ನು ಕಳ್ಳರಂತೆ ಕಾಣುವ ಸಂರಕ್ಷಣೆ ಬಹುಕಾಲ ಬಾಳದು.

ಈಚಿನ ವರ್ಷಗಳಲ್ಲಿ ಇದೇ ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ೨೦೦೦ ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದು, ಹಳೆಯ ಪ್ರಶ್ನೆ ಹೊಸದಾಗಿ ಎದ್ದಿದೆ. ದೀಪ ಬೇಡವೆಂದು ಹೇಳುವ ಹಕ್ಕು ಪಟ್ಟಣದಲ್ಲಿ ದೀಪದಡಿ ಕುಳಿತು ಓದುವ ನಮಗಿಲ್ಲ. ಆದರೆ ಆ ದೀಪಕ್ಕೆ ತೆರುವ ಬೆಲೆಯೇನು, ಬೇರೆ ದಾರಿಯಿದೆಯೇ ಎಂದು ಕೇಳುವ ಹಕ್ಕು ಖಂಡಿತ ಉಂಟು. ಒಮ್ಮೆ ಕಡಿದ ಮಳೆಕಾಡನ್ನು ಯಾವ ಪರಿಹಾರಧನವೂ ಮರಳಿ ಬೆಳೆಸಲಾರದು.

ಇನ್ನು ಮುಂದೆ ತುಂಟ ಮಗುವನ್ನು "ಸಿಂಗಳೀಕ" ಎನ್ನುವಾಗ, ಅದು ಎಂತಹ ಪ್ರಾಣಿ, ಎಲ್ಲಿರುತ್ತದೆ, ಎಷ್ಟು ಉಳಿದಿದೆ ಎಂಬುದನ್ನೂ ಹೇಳೋಣ. ಅದರ ಪರವಾಗಿ ನಾಳೆ ಲೆಕ್ಕ ಹಾಕಬೇಕಾದವರು, ವಾದಿಸಬೇಕಾದವರು ಆ ಮಕ್ಕಳೇ ಅಲ್ಲವೇ?