ತಲೆಗೆ ಪೆಟ್ಟಾದಾಗ ಮಿದುಳಿನ ಆಟೊಫೇಜಿಗೆ ವೇಗ ಕೊಡಬೇಕೆ?

ರಾಯಚೂರು ಜಿಲ್ಲೆಯ ಮಾನ್ವಿ ಸುತ್ತಲಿನ ಹಳ್ಳಿಗಳಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ, ಕೆಲವೊಮ್ಮೆ ಇನ್ನೂ ಮುಂದೆ ಬಳ್ಳಾರಿಗೋ ಹೈದರಾಬಾದಿಗೋ ಒಯ್ಯಬೇಕಾಗುತ್ತದೆ. ಬಿದ್ದ ಪೆಟ್ಟು ಒಂದು ಕ್ಷಣದ್ದು. ಅದರ ಬೆನ್ನಿಗೇ ಏಳುವ ಉರಿಯೂತ ಮಾತ್ರ ದಿನಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಮಿದುಳನ್ನು ಕಾಡುತ್ತದೆ. ಜೀವಕೋಶವು ತನ್ನೊಳಗೆ ಕೆಟ್ಟುಹೋದ ಭಾಗಗಳನ್ನು ಪೊರೆಯ ಚೀಲದಲ್ಲಿ ಸುತ್ತಿ, ಲೈಸೊಸೋಮ್ ಎಂಬ ಜೀರ್ಣಕೋಶಿಕೆಗೆ ಒಯ್ದು ಕರಗಿಸಿಕೊಳ್ಳುವ ಕ್ರಿಯೆಯೇ ಆಟೊಫೇಜಿ, ಅಂದರೆ ಸ್ವಭಕ್ಷಣೆ. ಔಷಧಿ ಕೊಟ್ಟು ಇದನ್ನು ಚುರುಕುಗೊಳಿಸಿದರೆ ಉರಿಯೂತ ಇಳಿದೀತೆ?

ಪರ: ಉರಿಯೂತವನ್ನು ಮೂಲದಲ್ಲೇ ತಡೆಯಬಹುದು

ಪೆಟ್ಟು ತಿಂದ ಕೋಶದಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಬೇಗ ಹಾಳಾಗುತ್ತವೆ. ಅವುಗಳಿಂದ ಸೋರಿದ ಡಿಎನ್‌ಎಯನ್ನು ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾಗಳು ಅಪಾಯವೆಂದೇ ಬಗೆಯುತ್ತವೆ. ಆಗ ಅವುಗಳೊಳಗಿನ ಎನ್‌ಎಲ್‌ಆರ್‌ಪಿ3 ಎಂಬ ಪ್ರೊಟೀನ್ ವ್ಯವಸ್ಥೆ ಎಚ್ಚೆತ್ತು, ಇಂಟರ್‌ಲ್ಯೂಕಿನ್-1 ಬೀಟಾ ಹೊರಬಿದ್ದು, ಪೆಟ್ಟೇ ಬೀಳದ ನೆರೆಯ ಕೋಶಗಳೂ ಸಾಯತೊಡಗುತ್ತವೆ. ಹಾಳಾದ ಮೈಟೊಕಾಂಡ್ರಿಯಾವನ್ನು ಸೋರುವ ಮೊದಲೇ ಆಟೊಫೇಜಿ ಕರಗಿಸಿಬಿಟ್ಟರೆ ಈ ಸರಪಳಿ ಶುರುವಾಗುವುದೇ ಇಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮಾರ್ಟಾ ಲಿಪಿನ್ಸ್ಕಿ ಅವರ ತಂಡ ಇಲಿಗಳ ಮೈಕ್ರೊಗ್ಲಿಯಾದಲ್ಲಿ ಆಟೊಫೇಜಿಗೆ ತಡೆಯೊಡ್ಡಿದಾಗ ಪೆಟ್ಟಿನ ನಂತರದ ಉರಿಯೂತ ಹೆಚ್ಚಿತು. ಆಟೊಫೇಜಿಯನ್ನು ಪ್ರಚೋದಿಸುವ ರಾಪಾಮೈಸಿನ್ ಔಷಧಿಯನ್ನು ಪೆಟ್ಟಾದ 4 ಗಂಟೆಗಳ ಮೇಲೆ ಕೊಟ್ಟರೂ ಇಲಿಗಳು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡದ್ದು ಬೇರೊಂದು ತಂಡದಿಂದ 2007ರಲ್ಲೇ ವರದಿಯಾಗಿದೆ. ಆಸ್ಪತ್ರೆ ಸೇರುವುದಕ್ಕೇ ಗಂಟೆಗಳು ಹಿಡಿಯುವ ಊರಿನವರಿಗೆ ಈ 4 ಗಂಟೆಗಳ ಬೆಲೆ ಗೊತ್ತು.

ಈ ವಿದ್ಯೆ ನಮ್ಮ ರಾಜ್ಯದಲ್ಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ತಂಡವು ಆಟೊಫೇಜಿ ಹೆಚ್ಚಿಸುವ 6-ಬಯೊ ಎಂಬ ಸಣ್ಣ ಅಣುವು ಪಾರ್ಕಿನ್ಸನ್ ಮಾದರಿಯ ಇಲಿಗಳ ನರಕೋಶಗಳನ್ನು ಕಾಪಾಡುವುದನ್ನು 2017ರಲ್ಲಿ ತೋರಿಸಿತು. ಅದೇ ನಗರದ ನಿಮ್ಹಾನ್ಸ್‌ಗೆ ತಲೆಪೆಟ್ಟಿನ ಚಿಕಿತ್ಸೆಯಲ್ಲಿ ದಶಕಗಳ ಅನುಭವವಿದೆ. ಎರಡೂ ಸಂಸ್ಥೆಗಳು ಕೈಜೋಡಿಸಿ, ರಾಯಚೂರಿನಂಥ ಜಿಲ್ಲೆಯ ರೋಗಿಗಳನ್ನೂ ಒಳಗೊಂಡ ಪ್ರಯೋಗಕ್ಕೆ ಈಗಲೇ ತಯಾರಿ ನಡೆಸಬೇಕು.

ವಿರೋಧ: ಕರಗಿಸುವ ಜಾಗವೇ ಕೆಟ್ಟಿರುವಾಗ ವೇಗ ಅಪಾಯ

ಲಿಪಿನ್ಸ್ಕಿ ತಂಡದ ಇನ್ನೊಂದು ಶೋಧವನ್ನೂ ಇದರ ಜೊತೆಗೇ ಓದಬೇಕು. ಪೆಟ್ಟಾದ ಮೊದಲ ದಿನಗಳಲ್ಲಿ ನರಕೋಶಗಳಲ್ಲಿ ಆಟೊಫೇಜಿಯ ಚೀಲಗಳು ತುಂಬಿಕೊಂಡಿರುತ್ತವೆ. ಕೆಲಸ ಜೋರಾಗಿ ನಡೆದಿದೆ ಎಂದು ಇದರ ಅರ್ಥವಲ್ಲ. ಲೈಸೊಸೋಮ್‌ಗಳೇ ಜಖಂಗೊಂಡು ಚೀಲಗಳು ಕರಗದೆ ಉಳಿದಿವೆ ಎಂದು 2014ರಲ್ಲಿ ಆ ತಂಡವೇ ತೋರಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆಳಗೆ ಹೂಳು ಕಟ್ಟಿಕೊಂಡಿರುವಾಗ ಮೇಲಿನ ಗೇಟು ಎತ್ತಿದರೆ ಹೊಲಕ್ಕೆ ನೀರು ಬರುವುದಿಲ್ಲ, ಏರಿ ಒಡೆಯುತ್ತದೆ. 2011ರ ಇನ್ನೊಂದು ಅಧ್ಯಯನದಲ್ಲಂತೂ ಆಟೊಫೇಜಿಯನ್ನು ತಡೆಯುವ ಔಷಧಿಗಳಿಂದಲೇ ಪೆಟ್ಟು ತಿಂದ ಇಲಿಗಳಿಗೆ ಅನುಕೂಲವಾಯಿತು. ಬದುಕಿರುವ ರೋಗಿಯ ಮಿದುಳಿನಲ್ಲಿ ಆಟೊಫೇಜಿ ಎಷ್ಟು ಸಾಗಿದೆ ಎಂದು ಅಳೆಯುವ ಪರೀಕ್ಷೆ ನಮ್ಮ ಆಸ್ಪತ್ರೆಗಳಲ್ಲಿಲ್ಲ. ಅಳೆಯಲಾಗದ್ದನ್ನು ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ವೈದ್ಯರು ಹೇಗೆ ತೀರ್ಮಾನಿಸಬೇಕು?

ಸ್ಟಿರಾಯ್ಡ್ ಕಲಿಸಿದ ಪಾಠವನ್ನು ಮರೆಯಬಾರದು. ಉರಿಯೂತ ಇಳಿಸುತ್ತದೆಂಬ ನಂಬಿಕೆಯಿಂದ ತಲೆಪೆಟ್ಟಿಗೆ ಅದನ್ನು ದಶಕಗಳ ಕಾಲ ಕೊಡಲಾಯಿತು. 10,000ಕ್ಕೂ ಹೆಚ್ಚು ರೋಗಿಗಳ ಕ್ರ್ಯಾಶ್ ಪ್ರಯೋಗದ ಫಲಿತಾಂಶ 2004ರಲ್ಲಿ ಹೊರಬಂದಾಗ, ಎರಡು ವಾರಗಳೊಳಗೆ ತೀರಿಕೊಂಡವರು ಸ್ಟಿರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. ರಾಪಾಮೈಸಿನ್ ಕೂಡ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವುದೇ ಆ ಕಾರಣಕ್ಕೆ. ಅದು ಗಾಯ ಮಾಯುವುದನ್ನು ನಿಧಾನಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಇಲಿಯಲ್ಲಿ ಕಂಡ 4 ಗಂಟೆಗಳ ಭರವಸೆ ಮನುಷ್ಯನಿಗೆ ಅಷ್ಟೇ ಅನ್ವಯಿಸುತ್ತದೆ ಎನ್ನಲು ಆಧಾರವಿಲ್ಲ.

ಹತ್ತಿರದ ಅಪಾಯ ಇನ್ನೊಂದಿದೆ. ಏಕಾದಶಿಯೂ ರಂಜಾನೂ ರೂಢಿಯಲ್ಲಿರುವ ನಮ್ಮ ಊರುಗಳಲ್ಲಿ, ಉಪವಾಸದಿಂದ ಆಟೊಫೇಜಿ ಹೆಚ್ಚುತ್ತದೆ ಎಂಬ ಮಾತನ್ನು ಜನ ಬೇಗ ನಂಬುತ್ತಾರೆ. ಆರೋಗ್ಯವಂತರ ಉಪವಾಸದ ಮಾತು ಬೇರೆ, ಪೆಟ್ಟಾದವರನ್ನು ಉಪವಾಸ ಕೆಡವುವುದು ಬೇರೆ. ತಲೆಗೆ ಜೋರು ಪೆಟ್ಟಾದವರಿಗೆ 5ನೇ ದಿನದೊಳಗೆ, ತೀರಾ ತಡವೆಂದರೆ 7ನೇ ದಿನದೊಳಗೆ, ಮೈಗೆ ಬೇಕಾದಷ್ಟು ಪೋಷಣೆ ಸಿಕ್ಕರೆ ಸಾವು ಕಡಿಮೆಯಾಗುತ್ತದೆ ಎನ್ನುತ್ತದೆ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್‌ನ ಚಿಕಿತ್ಸಾ ಮಾರ್ಗಸೂಚಿ.

ಸಂಶೋಧನೆ ನಿಲ್ಲಬಾರದು, ಆದರೆ ಅದು ಮೊದಲು ಲೈಸೊಸೋಮ್ ಉಳಿಸುವ ದಾರಿಯನ್ನೂ ಆಟೊಫೇಜಿ ಅಳೆಯುವ ದಾರಿಯನ್ನೂ ಹುಡುಕಲಿ. ಅಲ್ಲಿಯವರೆಗೆ ಮಾನ್ವಿಯ ರೋಗಿಯನ್ನು ಉಳಿಸುವುದು ತಲೆಯ ಮೇಲಿನ ಹೆಲ್ಮೆಟ್, ತಡಮಾಡದೆ ಬರುವ 108 ಆಂಬುಲೆನ್ಸ್, ಕೂಡಲೇ ಆಗುವ ಸಿ.ಟಿ. ಸ್ಕ್ಯಾನ್ ಮತ್ತು ಹೊತ್ತಿಗೆ ಸರಿಯಾದ ಆಹಾರ. ಹಣವೂ ಒತ್ತಾಯವೂ ಮೊದಲು ಇವುಗಳ ಮೇಲಿರಲಿ.