ಮನೆಯ ವೈಫೈಗೂ ಬೀಗ ಬೇಕು

ರಾತ್ರಿ ಮಲಗುವ ಮುನ್ನ ಹೆಬ್ಬಾಗಿಲಿಗೆ ಅಗುಳಿ ಹಾಕಿದೆಯೇ ಎಂದು ನೋಡಿ ಬರುವುದು ನಮ್ಮ ಗೃಹಿಣಿಯರ ವಾಡಿಕೆಯಷ್ಟೆ. ಆದರೆ ಅದೇ ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತಿರುವ ರೌಟರೆಂಬ ಪೆಟ್ಟಿಗೆಯು ಮನೆಯ ಮಾತನ್ನು ಬೀದಿಯವರೆಗೂ ಒಯ್ಯುತ್ತಿರುವುದನ್ನು ಎಷ್ಟು ಮಂದಿ ಗಮನಿಸಿರುವರು? ರೇಡಿಯೋ ಅಲೆಗಳಿಗೆ ಕಾಂಪೌಂಡಿನ ಎಲ್ಲೆಯಿಲ್ಲ. ಆದುದರಿಂದ ಆ ಜಾಲವನ್ನು ಗೂಢಲಿಪಿಯಿಂದ ಭದ್ರಪಡಿಸುವುದೂ, ಅದರ ಕೀಲಿಯನ್ನು ತಾನೇ ಬಲ್ಲವಳಾಗಿರುವುದೂ ಇಂದಿನ ಗೃಹಕೃತ್ಯದ ಅಂಗವೆಂಬುದೇ ನಮ್ಮ ಅಭಿಪ್ರಾಯ.

“ನಮ್ಮಲ್ಲಿ ಕದಿಯತಕ್ಕದ್ದು ಏನಿದೆ? ನೆರೆಯವರು ಉಪಯೋಗಿಸಿದರೆ ನಷ್ಟವೇನು?” ಎಂದು ಕೆಲವರು ಕೇಳುವುದುಂಟು. 2008ನೆಯ ಇಸವಿ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವುದಕ್ಕೆ ತುಸು ಮುಂಚೆ ಬಂದ ಬೆದರಿಕೆಯ ಮಿಂಚಂಚೆಯು ನವಿ ಮುಂಬಯಿಯ ಒಂದು ಮನೆಯ ರಕ್ಷಣೆಯಿಲ್ಲದ ವೈಫೈ ಮೂಲಕ ಹೊರಟಿತ್ತು. ಕಳುಹಿಸಿದವರು ಬೇರೆ, ಪೋಲೀಸರು ಬಂದು ನಿಂತದ್ದು ಆ ಮನೆಯವರ ಬಾಗಿಲಲ್ಲಿ. ಔದಾರ್ಯವು ಒಳ್ಳೆಯದೇ, ಆದರೆ ಯಾರಿಗೆ ಕೊಟ್ಟೆವೆಂಬುದನ್ನೇ ಅರಿಯದ ಔದಾರ್ಯವು ಅಜಾಗರೂಕತೆಯಲ್ಲದೆ ಮತ್ತೇನು?

ಬೀಗಗಳಲ್ಲಿಯೂ ತಾರತಮ್ಯವುಂಟು. 1997ರಲ್ಲಿ ಬಂದ ವೆಪ್ ಎಂಬ ಕ್ರಮದ ದೋಷವನ್ನು 2001ರಲ್ಲಿಯೇ ವಿದ್ವಾಂಸರು ತೋರಿಸಿಕೊಟ್ಟರು; 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟಿನ ಸಂಶೋಧಕರು ಅದನ್ನು ಒಂದು ನಿಮಿಷದೊಳಗೆ ಮುರಿಯಬಹುದೆಂದು ಸಾಧಿಸಿ ತೋರಿಸಿದರು. ಈಗ ಆರಿಸತಕ್ಕದ್ದು 2018ರಲ್ಲಿ ಪ್ರಕಟವಾದ ಡಬ್ಲ್ಯುಪಿಎ-3. ಮನೆಯ ಉಪಕರಣಗಳು ಹಳೆಯವಾಗಿದ್ದರೆ ಎಇಎಸ್ ಸಹಿತವಾದ ಡಬ್ಲ್ಯುಪಿಎ-2. ರೌಟರಿನ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದರೆ ಈ ಆಯ್ಕೆಯು ದೊರೆಯುವುದು. ಕಾರ್ಖಾನೆಯವರು ಇಟ್ಟ ಆಡಳಿತದ ಪಾಸ್‌ವರ್ಡನ್ನೂ ಅಲ್ಲಿಯೇ ಬದಲಿಸಬೇಕು. ಜಾಲದ ಪಾಸ್‌ವರ್ಡು ಡಬ್ಲ್ಯುಪಿಎ-2ರಲ್ಲಿ 8 ಅಕ್ಷರಗಳಿಗೆ ಕಡಮೆಯಾಗಕೂಡದೆಂಬುದು ನಿಯಮ. ಆದರೆ ಅಷ್ಟೇ ಸಾಲದು. ಮಗುವಿನ ಹೆಸರನ್ನೂ ಫೋನಿನ ಸಂಖ್ಯೆಯನ್ನೂ ಬಿಟ್ಟು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸುವುದು ಮೇಲು. ಬಂದ ಅತಿಥಿಗಳಿಗೆ ಪ್ರತ್ಯೇಕ ಜಾಲವನ್ನು ತೆರೆದಿಟ್ಟು ಅದಕ್ಕೂ ಬೇರೊಂದು ಪಾಸ್‌ವರ್ಡನ್ನಿಟ್ಟರೆ ಸತ್ಕಾರಕ್ಕೂ ಕುಂದಿಲ್ಲ, ಭದ್ರತೆಗೂ ಕುಂದಿಲ್ಲ.

ಈ ಬೀಗವು ಎಲ್ಲ ಅಪಾಯಗಳಿಗೂ ಮದ್ದೆಂದು ನಾವು ಹೇಳುವುದಿಲ್ಲ. ಅದು ಕಾಯುವುದು ನಮ್ಮ ಫೋನಿಗೂ ರೌಟರಿಗೂ ನಡುವಣ ದಾರಿಯನ್ನು ಮಾತ್ರ. ವಂಚಕರ ಸುಳ್ಳು ಸಂದೇಶಕ್ಕೆ ನಾವಾಗಿಯೇ ಮರುಳಾದರೆ ಅದು ತಡೆಯಲಾರದು. ಹಾಗೆಂದು ಬಾಗಿಲನ್ನು ತೆರೆದಿಡುವುದು ವಿವೇಕವಾದೀತೆ?

ಇದೆಲ್ಲವನ್ನೂ ಜೋಡಿಸಲು ಬಂದ ಹುಡುಗನಿಗೋ ಮನೆಯ ಗಂಡಸರಿಗೋ ಬಿಟ್ಟು ಸುಮ್ಮನಿರುವುದು ವಿದ್ಯಾವತಿಯರಿಗೆ ತಕ್ಕುದಲ್ಲ. ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಮ್ಮ ಅಜ್ಜಿಯರು ಅದನ್ನು ಪರರ ಕೈಗೆ ಒಪ್ಪಿಸಿದವರಲ್ಲ. ಶಾಲೆಯಲ್ಲಿ ವಿಜ್ಞಾನವನ್ನು ಕಲಿತ ಸೋದರಿಯರೂ, ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸಿರುವ ತಾಯಿತಂದೆಯರೂ ಈ ಸಂಚಿಕೆಯನ್ನು ಕೆಳಗಿಟ್ಟೊಡನೆ, ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆ ಪೆಟ್ಟಿಗೆಯನ್ನೊಮ್ಮೆ ಪರೀಕ್ಷಿಸಬೇಕೆಂದು ನಾವು ಬೇಡಿಕೊಳ್ಳುತ್ತೇವೆ.